ಬಿಟ್ಟು ಹೋದ ಎತ್ತು ಯಾರದು?

ಹಿರೇಕೆರೂರು ತಾಲ್ಲೂಕಿನ ಅಬಲೂರಿನಂತಹ ಊರೊಂದರ ಮುಂಜಾವನ್ನು ಕಲ್ಪಿಸಿಕೊಳ್ಳೋಣ. ಮೂರೆಕರೆಯ ರೈತನೊಬ್ಬ ತನ್ನ ಹೊಲಕ್ಕೆ ಬರುತ್ತಾನೆ. ಗೋವಿನಜೋಳ ಎದೆಮಟ್ಟಕ್ಕೆ ಬಂದಿದೆ. ಅದರ ನಡುವೆ ಎರಡು ಎತ್ತುಗಳು ನಿಂತಿವೆ. ಮೂಗುದಾರ ಬಿಚ್ಚಿದೆ, ಕೊರಳಲ್ಲಿ ಹಗ್ಗವಿಲ್ಲ. ನೊಗ ತಿಕ್ಕಿ ತಿಕ್ಕಿ ಹೆಗಲ ಚರ್ಮ ಗಟ್ಟಿಯಾಗಿದೆ. ಪಕ್ಕೆಲುಬು ಎಣಿಸಬಹುದು. ಅವು ಓಡುವುದಿಲ್ಲ, ಬೆದರುವುದೂ ಇಲ್ಲ. ಮನುಷ್ಯನ ದನಿ ಕೇಳಿದೊಡನೆ ಅಭ್ಯಾಸಬಲದಿಂದ ತಲೆಯೆತ್ತಿ ನೋಡುತ್ತವೆ. ಹತ್ತು ಹನ್ನೆರಡು ವರ್ಷ ಯಾರದೋ ಹೊಲ ಉತ್ತವು ರಾತ್ರಿ ಯಾವುದೋ ಹೊತ್ತಿನಲ್ಲಿ ಇಲ್ಲಿಗೆ ಬಂದು ಇಳಿದಿವೆ. ಪಕ್ಕದ ಹೊಲದವನನ್ನು ಕೇಳಿದರೆ ಬರುವ ಉತ್ತರ ಒಂದೇ: ‘ಯಾವ ಊರಿನವೋ ಗೊತ್ತಿಲ್ರಿ.’

ರೈತನ ಮುಂದೆ ಈಗ ಏನೇನು ದಾರಿಗಳಿವೆ? ಕೋಲು ಹಿಡಿದು ಅವನ್ನು ಬದುವಿನಾಚೆಗೆ ಅಟ್ಟಬಹುದು. ಆಚೆಗಿರುವುದು ಇನ್ನೊಬ್ಬನ ಹೊಲ. ಅವನೂ ಅಟ್ಟುತ್ತಾನೆ. ಹೀಗೆ ಅಟ್ಟುತ್ತಾ ಹೋದರೆ ಒಂದೋ ಅವು ಹೆದ್ದಾರಿಯ ಮೇಲೆ ಲಾರಿಗೆ ಸಿಕ್ಕುತ್ತವೆ, ಇಲ್ಲವೇ ಮರುದಿನ ಅದೇ ಹೊಲಕ್ಕೆ ಮರಳುತ್ತವೆ. ಕೊಂಡವಾಡಕ್ಕೆ ಹೊಡೆದುಕೊಂಡು ಹೋಗಬಹುದು. ಆದರೆ ಎಷ್ಟೋ ಊರುಗಳಲ್ಲಿ ಕೊಂಡವಾಡ ಹೆಸರಿಗಷ್ಟೇ ಉಳಿದಿದೆ. ಮಾರಬಹುದೇ? ತನ್ನದಲ್ಲದ ದನವನ್ನು ಮಾರುವುದು ಕಳ್ಳತನವಾಗುತ್ತದೆ, ಮೇಲಾಗಿ ಮುದಿ ಎತ್ತನ್ನು ಕೊಳ್ಳುವವರೂ ಇಲ್ಲ. ಕೊನೆಯದು, ಕಟ್ಟಿ ಮೇಯಿಸುವುದು. ತನ್ನ ಮನೆಯ ದನಕ್ಕೇ ಕಣಕಿ ಸಾಲದ ರೈತನಿಗೆ ಇದು ಸುಲಭದ ಮಾತಲ್ಲ.

ಮೇಲುನೋಟಕ್ಕೆ ಇದು ಬೆಳೆಹಾನಿಯ, ಹೆಚ್ಚೆಂದರೆ ನೆರೆಹೊರೆಯ ಜಗಳದ ವಿಷಯ. ಆದರೆ ನಾವು ಇದನ್ನು ಒಂದು ನೈತಿಕ ಪ್ರಶ್ನೆಯಾಗಿ ನೋಡಬಯಸುತ್ತೇವೆ. ಒಬ್ಬನ ಹೊಣೆಯನ್ನು ಅವನು ಕತ್ತಲಲ್ಲಿ ಇನ್ನೊಬ್ಬನ ಬಾಗಿಲಿಗೆ ಇಟ್ಟು ಹೋದಾಗ, ಆ ಹೊಣೆ ಯಾರದು? ಇಟ್ಟವನದೇ? ಬೆಳಗ್ಗೆ ಬಾಗಿಲು ತೆರೆದವನದೇ? ಅಥವಾ ಇಡುವಂತಹ ಸ್ಥಿತಿಯನ್ನು ನಿರ್ಮಿಸಿದ ನಮ್ಮೆಲ್ಲರದೇ?

ಮೊದಲು ಕಾನೂನನ್ನು ನೋಡೋಣ. ಬ್ರಿಟಿಷರು 1871ರಲ್ಲಿ ಜಾನುವಾರು ಅತಿಕ್ರಮಣ ಕಾಯ್ದೆ ತಂದರು. ಕರ್ನಾಟಕ ತನ್ನದೇ ಕಾಯ್ದೆಯನ್ನು 1966ರಲ್ಲಿ ಮಾಡಿಕೊಂಡಿತು. ಇವುಗಳ ನ್ಯಾಯ ಸರಳವಾದದ್ದು. ಬೆಳೆಗೆ ನುಗ್ಗಿದ ದನವನ್ನು ರೈತ ಹಿಡಿದು ಕೊಂಡವಾಡಕ್ಕೆ ಕೊಡಬಹುದು. ಒಡೆಯ ಬಂದು ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಬಾರದಿದ್ದರೆ ಹರಾಜು. ನೂರಾರು ವರ್ಷ ನಮ್ಮ ಹಳ್ಳಿಗಳಲ್ಲಿ ಈ ವ್ಯವಸ್ಥೆ ಒಂದಲ್ಲ ಒಂದು ರೂಪದಲ್ಲಿ ನಡೆದುಕೊಂಡು ಬಂತು. ಅದು ನಡೆದದ್ದಕ್ಕೆ ಕಾರಣ ಒಂದೇ: ದನಕ್ಕೆ ಬೆಲೆಯಿತ್ತು. ಒಡೆಯ ದಂಡ ಕಟ್ಟಿಯಾದರೂ ಬಿಡಿಸಿಕೊಳ್ಳಲು ಓಡಿ ಬರುತ್ತಿದ್ದ. ಅವನು ಬಾರದಿದ್ದರೆ ಹರಾಜಿನಲ್ಲಿ ಕೂಗುವವರು ಇರುತ್ತಿದ್ದರು. ಇಂದು ಒಡೆಯನೇ ದನ ಬೇಡವೆಂದು ಬಿಟ್ಟು ಹೋಗಿದ್ದಾನೆ. ಕೊಂಡವಾಡದಲ್ಲಿ ಕೂಡಿದರೆ ಅವನಿಗೆ ಅದೇ ಉಪಕಾರ. ದನ ಬೇಕೆನ್ನುವ ಒಡೆಯನನ್ನು ಮನಸ್ಸಿನಲ್ಲಿಟ್ಟು ಬರೆದ ಕಾನೂನು, ದನ ಬೇಡವೆನ್ನುವ ಒಡೆಯನ ಮುಂದೆ ಕೈಕಟ್ಟಿ ನಿಲ್ಲುತ್ತದೆ.

ಹಾಗಾದರೆ ಬಿಟ್ಟು ಹೋಗುವುದು ಅಪರಾಧವಲ್ಲವೇ? ಅಪರಾಧವೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು ಶಿಕ್ಷಾರ್ಹ. ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಇಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ. ಇದರ ಪಕ್ಕದಲ್ಲಿ 2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯನ್ನು ಇಟ್ಟು ನೋಡಿ. 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಜಾರಿಗೆ ಬಂದ ಅದರಲ್ಲಿ ಮೊದಲ ತಪ್ಪಿಗೇ ಮೂರರಿಂದ ಏಳು ವರ್ಷ ಸೆರೆ, 50 ಸಾವಿರದಿಂದ 5 ಲಕ್ಷ ರೂಪಾಯಿ ದಂಡ. ಎತ್ತನ್ನು ಕಡಿದವನಿಗೆ ಏಳು ವರ್ಷ. ಅದೇ ಎತ್ತನ್ನು ಹಸಿವಿನಿಂದ ಇಂಚಿಂಚಾಗಿ ಸಾಯಲು ಬಿಟ್ಟವನಿಗೆ ಐವತ್ತು ರೂಪಾಯಿ. ಎತ್ತಿನ ಕಡೆಯಿಂದ ನೋಡಿದರೆ ಈ ಎರಡು ಸಾವುಗಳ ನಡುವೆ ಇಷ್ಟೊಂದು ಅಂತರ ಇದೆಯೇ ಎಂದು ನಾವು ಕೇಳಬೇಕಾಗಿದೆ.

1964ರ ಹಳೆಯ ಕಾಯ್ದೆಯಲ್ಲಿ ಹಸುವಿನ ಹತ್ಯೆಗೆ ನಿಷೇಧವಿತ್ತು. ಆದರೆ ಹನ್ನೆರಡು ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದಂತಾದ ಎತ್ತು, ಹೋರಿ, ಎಮ್ಮೆ, ಕೋಣಗಳಿಗೆ ಅಧಿಕಾರಿಯ ಪ್ರಮಾಣಪತ್ರದೊಂದಿಗೆ ಅವಕಾಶವಿತ್ತು. ಹೊಸ ಕಾಯ್ದೆಯಲ್ಲಿ ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಇದರಿಂದ ಬದಲಾದದ್ದು ಕಸಾಯಿಯವನ ಕಸುಬು ಮಾತ್ರವಲ್ಲ, ರೈತನ ಲೆಕ್ಕಾಚಾರವೂ ಹೌದು. ಹಾವೇರಿಯ ದನದ ಸಂತೆಯನ್ನು ಕಂಡವರಿಗೆ ಇದು ಗೊತ್ತು. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ಆ ಮೌನದ ವ್ಯಾಪಾರದಲ್ಲಿ ಮುದಿ ಎತ್ತಿಗೂ ಒಂದು ಬೆಲೆಯಿತ್ತು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ರೈತ ಎಳೆಯ ಹೋರಿಗಳನ್ನು ಕಟ್ಟುತ್ತಿದ್ದ. ಮಾರಿದವನು ಎಲ್ಲಿಗೆ ಹೋಗುತ್ತದೆಂದು ಕೇಳುತ್ತಿರಲಿಲ್ಲ, ಕೊಂಡವನು ಹೇಳುತ್ತಿರಲಿಲ್ಲ. ಕೇಳದಿರುವುದೂ ಹೇಳದಿರುವುದೂ ಇಬ್ಬರ ನಡುವಿನ ಒಂದು ಮರ್ಯಾದೆಯಾಗಿತ್ತು. ಆ ಕೊಂಡಿ ಕಳಚಿತು. ಸಾಗಿಸುವಾಗ ದಾರಿಯಲ್ಲಿ ತಡೆಯುವವರ ಭಯದಿಂದ ವ್ಯಾಪಾರಿ ಹಿಂಜರಿದ. 2023ರ ಏಪ್ರಿಲ್ ಮೊದಲ ದಿನ ಸಾತನೂರಿನಲ್ಲಿ, ಜಾನುವಾರು ಸಾಗಿಸುತ್ತಿದ್ದ ಮಂಡ್ಯದ ವ್ಯಾಪಾರಿಯೊಬ್ಬರ ಶವ ರಸ್ತೆ ಬದಿಯಲ್ಲಿ ಸಿಕ್ಕಿದ್ದನ್ನು ನಾವು ಮರೆತಿಲ್ಲ.

ಆದರೆ ಎಲ್ಲವನ್ನೂ ಒಂದೇ ಕಾನೂನಿನ ತಲೆಗೆ ಕಟ್ಟುವುದು ಪ್ರಾಮಾಣಿಕತೆಯಾಗದು. ಬೀಡಾಡಿ ದನಗಳ ಸಮಸ್ಯೆ 2020ಕ್ಕಿಂತ ಹಳೆಯದು. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಬೀಡಾಡಿ ದನಗಳಿದ್ದವು. ಅದಕ್ಕೆ ಹಿಂದಿನ ಗಣತಿಯಲ್ಲೂ, ಅಂದರೆ 2012ರಲ್ಲೂ, ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಟ್ರ್ಯಾಕ್ಟರ್ ಬಂದು ಎತ್ತಿನ ಕೆಲಸವನ್ನು ಕಿತ್ತುಕೊಂಡಿತು. ಹಾಲಿಗಾಗಿ ಬಂದ ಜರ್ಸಿ, ಎಚ್‌ಎಫ್ ಮಿಶ್ರತಳಿಯ ಗಂಡುಕರು ನಮ್ಮ ಬಿಸಿಲಿನಲ್ಲಿ ನೇಗಿಲಿಗೆ ಒಗ್ಗಲಿಲ್ಲ. 2012ರಲ್ಲಿ ದೇಶದಲ್ಲಿ ಸುಮಾರು 6.79 ಕೋಟಿಯಿದ್ದ ಗಂಡುದನ 2019ಕ್ಕೆ ಸುಮಾರು 4.74 ಕೋಟಿಗೆ ಇಳಿಯಿತು. ಏಳು ವರ್ಷಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕಾಣೆಯಾಯಿತು! ಗೋಮಾಳಗಳು ಕರಗಿದವು. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಮ್ಮ ನಮ್ಮ ಊರಿನಲ್ಲಿ ಆ ಜಾಗ ಈಗ ಎಲ್ಲಿದೆ, ಯಾರ ಬೇಲಿಯೊಳಗಿದೆ ಎಂದು ಒಮ್ಮೆ ಕೇಳಿ ನೋಡಿದರೆ ಸಾಕು. ಊರಿನ ದನಗಳ ಹುಲ್ಲುಗಾವಲನ್ನು ಒತ್ತಿಕೊಂಡವರು ಊರಿನ ಎಲ್ಲ ಧರ್ಮಗಳಲ್ಲೂ, ಎಲ್ಲ ಜಾತಿಗಳಲ್ಲೂ ಇದ್ದಾರೆ.

ಇನ್ನೊಂದು ಮಗ್ಗುಲನ್ನೂ ನ್ಯಾಯವಾಗಿ ನೋಡಬೇಕು. ಸುಪ್ರೀಂ ಕೋರ್ಟು 1958ರಲ್ಲಿ ಮುಹಮ್ಮದ್ ಹನೀಫ್ ಖುರೈಶಿ ಪ್ರಕರಣದಲ್ಲಿ, ಕೆಲಸಕ್ಕೆ ಬಾರದ ಎತ್ತುಗಳನ್ನು ಸಾಕುವುದರಿಂದ ಉಪಯುಕ್ತ ದನಗಳ ಮೇವಿಗೆ ಕುತ್ತು ಬರುತ್ತದೆಂದೂ ಆದ್ದರಿಂದ ಅವುಗಳ ಹತ್ಯೆಯ ಮೇಲೆ ಪೂರ್ಣ ನಿಷೇಧ ಸಲ್ಲದೆಂದೂ ಹೇಳಿತ್ತು. 2005ರಲ್ಲಿ ಗುಜರಾತಿನ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಈ ನಿಲುವನ್ನು ಬದಲಿಸಿತು. ಮುದಿ ಎತ್ತಿನ ಸೆಗಣಿ, ಗಂಜಲಗಳಿಗೂ ಬೆಲೆಯಿದೆ ಎಂಬುದು ಅದರ ಒಂದು ವಾದ. ಜೀವಮಾನವೆಲ್ಲ ದುಡಿದ ಪ್ರಾಣಿಯನ್ನು ಮುಪ್ಪಿನಲ್ಲಿ ನಿರುಪಯೋಗಿ ಎಂದು ತಳ್ಳುವುದು ಕೃತಘ್ನತೆ ಎಂಬುದು ಇನ್ನೊಂದು. ಈ ಎರಡನೆಯ ಮಾತು ನಮ್ಮ ಹೃದಯಕ್ಕೆ ನಾಟುತ್ತದೆ. ದುಡಿಸಿಕೊಂಡವನ ಮೇಲೆ ದುಡಿದವನ ಋಣವಿದೆ ಎಂಬುದರಲ್ಲಿ ನಮಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಮುಂದಿನ ಪ್ರಶ್ನೆಯಲ್ಲಿ: ಕೃತಜ್ಞತೆಯ ಖರ್ಚನ್ನು ಯಾರು ಕೊಡಬೇಕು?

ಖರ್ಚು ಎಷ್ಟೆಂಬುದನ್ನು ಸರ್ಕಾರದ ಕಾಗದಗಳೇ ಹೇಳುತ್ತವೆ. 2022ರ ಜುಲೈನಲ್ಲಿ ಕರ್ನಾಟಕ ಸರ್ಕಾರ ‘ಪುಣ್ಯಕೋಟಿ ದತ್ತು ಯೋಜನೆ’ ಆರಂಭಿಸಿತು. ಗೋಶಾಲೆಯ ಒಂದು ದನವನ್ನು ವರ್ಷಕ್ಕೆ 11 ಸಾವಿರ ರೂಪಾಯಿ ಕೊಟ್ಟು ಯಾರು ಬೇಕಾದರೂ ದತ್ತು ಪಡೆಯಬಹುದು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 30 ರೂಪಾಯಿ. ಅದೇ ವರ್ಷ ಕೇಂದ್ರ ಪರಿಷ್ಕರಿಸಿದ ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ, ಬರಗಾಲದ ಗೋಶಿಬಿರದಲ್ಲಿ ಒಂದು ದೊಡ್ಡ ದನದ ಮೇವು, ನೀರು, ಔಷಧಕ್ಕೆಂದು ನಿಗದಿಯಾದದ್ದು ದಿನಕ್ಕೆ 80 ರೂಪಾಯಿ, ವರ್ಷಕ್ಕೆ 29,200. ದನ ಬದುಕಲು ಬೇಕಾದದ್ದು ಎಂಬತ್ತಾದರೆ, ಪುಣ್ಯಕ್ಕೆ ನಾವು ಕಟ್ಟಿದ ಬೆಲೆ ಮೂವತ್ತು. ಉಳಿದ ಐವತ್ತನ್ನು ಯಾರಾದರೂ ಭರಿಸಲೇಬೇಕು. ಗೋಶಾಲೆ ತಲುಪದ ದನದ ವಿಷಯದಲ್ಲಂತೂ ಇಡೀ ಎಂಬತ್ತನ್ನೂ ಭರಿಸುವವನು ಅಬಲೂರಿನಂತಹ ಊರಿನ, ಬೆಳಗ್ಗೆ ಎದ್ದು ಹೊಲಕ್ಕೆ ಬಂದ ಆ ರೈತ. ಅವನು ಕಾನೂನು ಮಾಡಲಿಲ್ಲ, ದತ್ತು ಪಡೆಯಲಿಲ್ಲ, ಆ ಎತ್ತುಗಳಿಂದ ಒಂದು ಸಾಲು ಉಳುಮೆಯನ್ನೂ ಮಾಡಿಸಲಿಲ್ಲ. ಆದರೂ ಇಡೀ ನಾಡಿನ ಕೃತಜ್ಞತೆಯ ಬಾಕಿ ಅವನ ಗೋವಿನಜೋಳದಿಂದ ಸಂದಾಯವಾಗುತ್ತದೆ.

ಈ ದಾರಿಯಲ್ಲಿ ನಮಗಿಂತ ಮುಂದೆ ಹೋದ ಉತ್ತರಪ್ರದೇಶದ ಅನುಭವ ಕಣ್ಣ ಮುಂದಿದೆ. 2018ರ ಡಿಸೆಂಬರಿನಲ್ಲಿ ಅಲಿಗಢದ ಕಡೆಯ ರೈತರು ಬೆಳೆಗೆ ನುಗ್ಗಿದ ದನಗಳನ್ನು ಅಟ್ಟಿಕೊಂಡು ಹೋಗಿ ಸರ್ಕಾರಿ ಶಾಲೆಗಳಲ್ಲಿ ಕೂಡಿಹಾಕಿದರು. ಮಕ್ಕಳು ಹೊರಗೆ, ದನಗಳು ಒಳಗೆ. ಮರುತಿಂಗಳೇ ಅಲ್ಲಿನ ಸರ್ಕಾರ ಗೋಸಂರಕ್ಷಣೆಗೆಂದು ವಿಶೇಷ ಸುಂಕ ಹಾಕಬೇಕಾಯಿತು. ಆ ರೈತರು ಗೋದ್ವೇಷಿಗಳಲ್ಲ. ಹಬ್ಬದಂದು ಹಸುವಿನ ಹಣೆಗೆ ಕುಂಕುಮ ಇಡುವವರೇ ಅವರು. ಹಸಿದ ದನ, ಸಾಲದ ರೈತ, ಇಬ್ಬರನ್ನೂ ಒಂದೇ ಹೊಲದಲ್ಲಿ ಎದುರಾಳಿಗಳಾಗಿ ನಿಲ್ಲಿಸಿದರೆ ಭಕ್ತಿ ಹೆಚ್ಚು ದಿನ ತಾಳುವುದಿಲ್ಲ ಎಂಬುದಷ್ಟೇ ಇದರ ಪಾಠ.

ಒಬ್ಬನ ದನ ಇನ್ನೊಬ್ಬನ ಹೊಲಕ್ಕೆ ನುಗ್ಗಿದ ಮೊಕದ್ದಮೆ ಪವಿತ್ರ ಕುರ್‌ಆನಿನಲ್ಲೂ ಬರುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ‘ಅಲ್ ಅಂಬಿಯಾ’ ಅಧ್ಯಾಯದಲ್ಲಿ ಪ್ರವಾದಿಗಳಾದ ದಾವೂದ್(ಅ) ಮತ್ತು ಸುಲೈಮಾನ್(ಅ) ಅವರ ಮುಂದೆ ಬಂದ ಒಂದು ವ್ಯಾಜ್ಯದ ಪ್ರಸ್ತಾಪವಿದೆ. ಕೆಲವರ ಕುರಿಗಳು ರಾತ್ರಿ ಇನ್ನೊಬ್ಬರ ಹೊಲ ಹೊಕ್ಕು ಮೇದಿದ್ದವು. ವ್ಯಾಖ್ಯಾನಕಾರರು ವಿವರಿಸುವಂತೆ, ಹೊಲದ ನಷ್ಟಕ್ಕೆ ಬದಲಾಗಿ ಕುರಿಗಳನ್ನೇ ಹೊಲದವನಿಗೆ ಕೊಡಬೇಕೆಂದು ದಾವೂದರು ತೀರ್ಪು ಹೇಳಿದರು. ಎಳೆಯರಾದ ಸುಲೈಮಾನರು ಬೇರೊಂದು ದಾರಿ ತೋರಿಸಿದರು. ಕುರಿಯವನು ಹೊಲವನ್ನು ಮೊದಲಿನ ಸ್ಥಿತಿಗೆ ತರುವವರೆಗೆ ಅದರಲ್ಲಿ ದುಡಿಯಲಿ. ಅಲ್ಲಿಯವರೆಗೆ ಹೊಲದವನು ಕುರಿಗಳ ಹಾಲು, ಉಣ್ಣೆಗಳ ಪ್ರಯೋಜನ ಪಡೆಯಲಿ. ಹೊಲ ಚಿಗುರಿದ ಮೇಲೆ ಇಬ್ಬರೂ ತಮ್ಮ ತಮ್ಮದನ್ನು ಮರಳಿ ಪಡೆಯಲಿ. ಮೊದಲ ತೀರ್ಪಿನಲ್ಲೂ ನ್ಯಾಯವಿತ್ತು. ಆದರೆ ಎರಡನೆಯದರಲ್ಲಿ ಯಾರೂ ನಿರ್ಗತಿಕರಾಗಲಿಲ್ಲ, ಹೊಣೆಗಾರನು ಹೊಣೆಯಿಂದ ತಪ್ಪಿಸಿಕೊಳ್ಳಲೂ ಇಲ್ಲ. ಬರಾ ಬಿನ್ ಆಝಿಬ್(ರ) ಅವರ ಒಂಟೆ ಒಂದು ತೋಟಕ್ಕೆ ನುಗ್ಗಿ ಹಾಳುಮಾಡಿದಾಗ ಪ್ರವಾದಿ(ಸ) ಕೊಟ್ಟ ತೀರ್ಪು ಇನ್ನೂ ನೇರವಾದದ್ದು: ಹಗಲು ತೋಟ ಕಾಯುವುದು ತೋಟದವನ ಹೊಣೆ, ರಾತ್ರಿ ದನ ಮಾಡಿದ ಹಾನಿ ದನದವನ ಹೊಣೆ. ಕತ್ತಲಲ್ಲಿ ದನ ಬಿಟ್ಟು ಹೋಗುವವನಿಗೆ ಈ ತೀರ್ಪಿನಲ್ಲಿ ಎಲ್ಲೂ ಆಸರೆಯಿಲ್ಲ.

ಆದರೆ ಸುಲೈಮಾನರ ಮುಂದಿದ್ದ ಕುರಿಗಳು ಹಾಲು ಕೊಡುತ್ತಿದ್ದವು, ಉಣ್ಣೆ ಕೊಡುತ್ತಿದ್ದವು. ಅವುಗಳ ಒಡೆಯ ಅವುಗಳನ್ನು ಬೇಕೆನ್ನುತ್ತಿದ್ದ. ನಮ್ಮ ಮುಂದಿರುವುದು ಹಾಲಿಲ್ಲದ, ಕಸುವಿಲ್ಲದ, ಒಡೆಯನಿಲ್ಲದ ಜೀವ. ಇದಕ್ಕೂ ನಮ್ಮ ಪರಂಪರೆಯಲ್ಲಿ ಮಾತಿದೆ. ಹದಿಮೂರನೆಯ ಶತಮಾನದ ವಿದ್ವಾಂಸ ಇಝ್ಝುದ್ದೀನ್ ಬಿನ್ ಅಬ್ದಿಸ್ಸಲಾಮ್ ಅವರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡುತ್ತಾ, ಮೊದಲಿಗೇ ಮೇವು ನೀರಿನ ಹಕ್ಕನ್ನು ಹೇಳುತ್ತಾರೆ. ಪ್ರಾಣಿ ಮುದಿಯಾಗಿ, ರೋಗಿಯಾಗಿ, ಅದರಿಂದ ಯಾವ ಪ್ರಯೋಜನವೂ ಇಲ್ಲವೆಂದಾದರೂ ಆ ಹಕ್ಕು ಉಳಿಯುತ್ತದೆ ಎನ್ನುವುದು ಅವರ ನಿಲುವು. ಒಡೆಯನು ಮೇಯಿಸಬೇಕು, ಆಗದಿದ್ದರೆ ಮಾರಬೇಕು, ತಿನ್ನಲು ಧರ್ಮಸಮ್ಮತವಾದ ಪ್ರಾಣಿಯಾದರೆ ಕೊಯ್ಯಬಹುದು, ಆದರೆ ಹಸಿವಿನಿಂದ ಸಾಯಲು ಬಿಡಕೂಡದು ಎಂಬುದು ಹೆಚ್ಚಿನ ಧರ್ಮಶಾಸ್ತ್ರಜ್ಞರ ಮಾತು. ಈ ಮೂರು ಬಾಗಿಲುಗಳಲ್ಲಿ ಮೂರನೆಯದು ನಮ್ಮ ರಾಜ್ಯದಲ್ಲಿ ಎತ್ತಿನ ಪಾಲಿಗೆ ಮುಚ್ಚಿದೆ. ಎರಡನೆಯದು ಅರ್ಧ ತೆರೆದಿದೆ. ಹಾಗಿರುವಾಗ ಎಲ್ಲ ಭಾರವೂ ಮೊದಲನೆಯ ಬಾಗಿಲಿನ ಮೇಲೆ, ಅಂದರೆ ಮೇವಿನ ಮೇಲೆ ಬಿದ್ದಿದೆ. ಎರಡು ಬಾಗಿಲು ಮುಚ್ಚಿದ ಸಮಾಜ ಮೊದಲನೆಯ ಬಾಗಿಲನ್ನು ಎಳೆದು ತೆರೆದಿಡಬೇಕು. ಅದು ಭಕ್ತಿಯ ಪ್ರಶ್ನೆಯಾಗುವ ಮೊದಲು ಬರಿಯ ನ್ಯಾಯದ ಪ್ರಶ್ನೆ.

ದೇವರ ಹೆಸರಿನಲ್ಲಿ ದನ ಬಿಡುವುದರ ಬಗ್ಗೆಯೂ ಒಂದು ಮಾತು. ಇಸ್ಲಾಮ್‌ಪೂರ್ವ ಅರಬರು ಕೆಲವು ಒಂಟೆಗಳನ್ನು ದೈವಗಳ ಹೆಸರಿನಲ್ಲಿ ಬಿಟ್ಟುಬಿಡುತ್ತಿದ್ದರು. ಇದನ್ನು ದೇವರು ವಿಧಿಸಿಲ್ಲ ಎಂದು ಕುರ್‌ಆನ್ ‘ಅಲ್ ಮಾಇದಃ’ ಅಧ್ಯಾಯದಲ್ಲಿ ಹೇಳಿದೆ. ನಮ್ಮ ನಾಡಿನ ಹಳ್ಳಿಗಳಲ್ಲಿ ದೇವರಿಗೆ ಬಸವನನ್ನು ಬಿಡುವ ಪದ್ಧತಿಯನ್ನು ಇದರೊಂದಿಗೆ ಸುಮ್ಮನೆ ಜೋಡಿಸಿ ಟೀಕಿಸುವುದು ನಮ್ಮ ಉದ್ದೇಶವಲ್ಲ. ನಂಬಿಕೆ ಬೇರೆಯಾದರೂ ಅದರ ಹಿಂದಿನ ನಡವಳಿಕೆಯನ್ನು ನಾವು ಗಮನಿಸಬೇಕು. ಊರ ಬಸವನನ್ನು ಊರಿಗೆ ಊರೇ ಸಾಕುತ್ತಿತ್ತು. ಅದು ಯಾರ ಹೊಲದಲ್ಲಿ ಒಂದು ಬಾಯಿ ಮೇದರೂ ಯಾರೂ ಹೊಡೆಯುತ್ತಿರಲಿಲ್ಲ, ಯಾಕೆಂದರೆ ಎಲ್ಲರೂ ಒಪ್ಪಿ ಹಗಲು ಬೆಳಕಿನಲ್ಲಿ ಬಿಟ್ಟದ್ದು ಅದು. ಇಂದಿನ ಎತ್ತನ್ನು ಬಿಡುವವನು ಯಾರನ್ನೂ ಕೇಳುವುದಿಲ್ಲ. ಎಲ್ಲರೂ ಮಲಗಿದ ಮೇಲೆ ಬರುತ್ತಾನೆ.

ಹಾವೇರಿ ಜಿಲ್ಲೆ ಹೋರಿಯನ್ನು ಪ್ರೀತಿಸುವ ಸೀಮೆ. ದೀಪಾವಳಿ ಬಂತೆಂದರೆ ಕೊಬ್ಬರಿ ಹೋರಿಗಳ ಓಟ. ಒಂದೊಂದು ಹೋರಿಗೂ ಒಂದೊಂದು ಹೆಸರು, ಅದಕ್ಕೆ ಅಭಿಮಾನಿಗಳು, ಅದರ ಚಿತ್ರದ ಫಲಕಗಳು. ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು ಮೆರೆಸುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಮನೆಯೊಳಗೆ ಕೂರಿಸಿ ಪೂಜಿಸುತ್ತಾರೆ. ಹೀಗೆ ಮಣ್ಣಿನ ಎತ್ತನ್ನು ಮನೆಯೊಳಗೆ ಕೂರಿಸುವ ಸೀಮೆಯಲ್ಲಿ ಜೀವವಿರುವ ಎತ್ತನ್ನು ಕತ್ತಲಲ್ಲಿ ಹೊರಗೆ ಬಿಡಬೇಕಾಗಿ ಬಂದ ರೈತನ ಮನಸ್ಸಿನಲ್ಲಿ ಏನು ನಡೆದಿರಬಹುದು? ಅವನನ್ನು ಕ್ರೂರಿ ಎಂದು ಕರೆದು ಮುಗಿಸುವುದು ನಮಗೆ ಸುಲಭ. ಆದರೆ ಹಗಲಿನಲ್ಲಿ ಬಿಡಲಾರದೆ ರಾತ್ರಿ ಬಿಡುತ್ತಾನೆಂಬುದೇ ಅವನಿಗೆ ನಾಚಿಕೆ ಉಳಿದಿದೆ ಎಂಬುದರ ಸಾಕ್ಷಿ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ 2023ರಂತಹ ವರ್ಷದಲ್ಲಿ ಮೇವಿನ ಬಣವೆ ಕರಗುವಾಗ, ಮನೆಯ ಹಾಲಿನ ಆಕಳೋ ಮುದಿ ಎತ್ತೋ ಎಂಬ ಆಯ್ಕೆ ಅವನ ಮುಂದೆ ಬರುತ್ತದೆ. ಅವನ ತಪ್ಪು ತಪ್ಪೇ. ಆ ತಪ್ಪಿನ ದಾರಿಗೆ ಅವನನ್ನು ತಳ್ಳಿದ ಕೈಗಳಲ್ಲಿ ನಮ್ಮ ಕೈಯೂ ಇದೆಯೇ ಎಂದು ಕೇಳಿಕೊಳ್ಳುವುದು ಮಾತ್ರ ನಮ್ಮ ಕೆಲಸ.

ಇಲ್ಲಿ ಮುಸ್ಲಿಮರಾದ ನಾವು ನಮ್ಮ ಮನಸ್ಸಿನೊಳಗೂ ಇಣುಕಬೇಕು. ಬೀಡಾಡಿ ದನಗಳಿಂದ ಬೆಳೆ ಕಳೆದುಕೊಂಡ ರೈತರ ಸುದ್ದಿ ಓದಿದಾಗ ನಮ್ಮಲ್ಲಿ ಕೆಲವರ ಬಾಯಿಂದ ‘ಕಾನೂನು ಬೇಕೆಂದವರು ಅವರೇ, ಈಗ ಅನುಭವಿಸಲಿ’ ಎಂಬ ಮಾತು ಬರುವುದುಂಟು. ಇದು ನೊಂದವರ ಮಾತು; ಕಸುಬು ಕಳೆದುಕೊಂಡವರ, ದಾರಿಯಲ್ಲಿ ಪೆಟ್ಟು ತಿಂದವರ ಮಾತು. ಅದರ ಹಿಂದಿನ ನೋವು ನಮಗೆ ಅರ್ಥವಾಗುತ್ತದೆ. ಆದರೂ ಆ ಮಾತನ್ನು ನಾವು ಒಪ್ಪಲಾರೆವು. ಹೊಲ ಕಳೆದುಕೊಂಡ ರೈತ ಕಾನೂನು ಬರೆದವನಲ್ಲ. ಹಸಿದ ಎತ್ತು ಯಾವ ಪಕ್ಷಕ್ಕೂ ಸೇರಿದ್ದಲ್ಲ. ಬೆಕ್ಕನ್ನು ಕಟ್ಟಿಹಾಕಿ, ಉಣಿಸದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಕೊಂದ ಹೆಂಗಸು ಶಿಕ್ಷೆಗೆ ಗುರಿಯಾದಳೆಂದೂ, ಬಾಯಾರಿದ ನಾಯಿಗೆ ನೀರು ಸೇದಿ ಕುಡಿಸಿದ ಪತಿತೆ ಕ್ಷಮೆ ಪಡೆದಳೆಂದೂ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ಹದೀಸ್‌ಗಳಲ್ಲಿ ಪ್ರಾಣಿಯ ಒಡೆಯನ ಧರ್ಮ ಯಾವುದೆಂಬ ವಿಚಾರಣೆ ಇಲ್ಲ. ಇನ್ನೊಂದು ಮಾತು. ನಮ್ಮ ಪೇಟೆಗಳಲ್ಲಿ ಹಾಲು ಕರೆದುಕೊಂಡು ಆಕಳನ್ನು ಬೀದಿಗೆ ಬಿಟ್ಟು, ಅದು ಪ್ಲಾಸ್ಟಿಕ್ ತಿಂದು ಸಂಜೆ ಮರಳುವಾಗ ಮತ್ತೆ ಹಾಲು ಕರೆಯುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಲಾಭವನ್ನು ಮನೆಯೊಳಗೆ, ಖರ್ಚನ್ನು ಬೀದಿಗೆ ಇಡುವ ಬುದ್ಧಿ ಒಂದು ಧರ್ಮದ ಸೊತ್ತಲ್ಲ.

ಹೊಲದಲ್ಲಿ ನಿಂತ ರೈತನಿಗೂ ಒಂದು ಹದೀಸ್ ನೆನಪಾಗುತ್ತದೆ. ಬಿತ್ತಿದ ಬೆಳೆಯಿಂದ ಮನುಷ್ಯ, ಹಕ್ಕಿ, ಪ್ರಾಣಿ ಯಾವುದು ತಿಂದರೂ ಅದು ಬಿತ್ತಿದವನ ಪಾಲಿಗೆ ದಾನವಾಗುತ್ತದೆ ಎಂದು ಪ್ರವಾದಿ(ಸ) ಹೇಳಿದ್ದಾರೆ. ಇದು ಕಳೆದುಕೊಂಡವನಿಗೆ ಸಮಾಧಾನ. ಇದನ್ನು ಬಿಟ್ಟು ಹೋದವನು ತನ್ನ ಸಮರ್ಥನೆಗೆ ಬಳಸಿದರೆ, ಅಥವಾ ಸರ್ಕಾರ ಪರಿಹಾರ ಕೊಡದಿರಲು ಬಳಸಿದರೆ, ಅದು ದಾನವಾಗದೆ ಲೂಟಿಯಾಗುತ್ತದೆ. ಅಬೂದಾವೂದ್ ಸಂಗ್ರಹದಲ್ಲಿ ಇನ್ನೊಂದು ವರದಿಯಿದೆ: ಮೇಯಿಸಲಾಗದೆ ಒಡೆಯರು ಬಿಟ್ಟುಬಿಟ್ಟ ಪ್ರಾಣಿಯನ್ನು ಯಾರಾದರೂ ತೆಗೆದುಕೊಂಡು ಬದುಕಿಸಿದರೆ ಅದು ಬದುಕಿಸಿದವನದು. ಹಾಗೆಂದರೆ ಒಡೆತನಕ್ಕೆ ಕಾಗದ, ಹಗ್ಗಗಳಿಗಿಂತ ಆರೈಕೆ ದೊಡ್ಡ ಆಧಾರ. ಬಿಟ್ಟವನು ಹೊಣೆಯಿಂದ ಬಿಡುಗಡೆಯಾಗುವುದಿಲ್ಲ. ಆದರೆ ಹಕ್ಕನ್ನು ಕಳೆದುಕೊಳ್ಳುತ್ತಾನೆ.

ಹಾಗಾದರೆ ಮಾಡಬೇಕಾದದ್ದೇನು? ಶಾಸನಸಭೆಯ ಚರ್ಚೆ ಅಲ್ಲಿ ನಡೆಯಲಿ. ಅದು ಮುಗಿಯುವವರೆಗೆ ಎತ್ತು ಹಸಿದು ಕಾಯಲಾರದು. ಗ್ರಾಮ ಪಂಚಾಯಿತಿ ಮೊದಲು ಗೋಮಾಳವನ್ನು ಅಳೆಸಿ ಬಿಡಿಸಿಕೊಳ್ಳಲಿ. ಅದರ ಒಂದು ಮೂಲೆಯಲ್ಲಿ ನೆರಳು, ನೀರಿನ ತೊಟ್ಟಿ ಇರುವ ಕೊಂಡವಾಡವನ್ನು ಮತ್ತೆ ಎಬ್ಬಿಸಲಿ. ಸಾಕಲಾಗದವನು ಅಲ್ಲಿಗೆ ಹಗಲಿನಲ್ಲೇ ತಂದು, ಹೆಸರು ಬರೆಸಿ, ಕೈಲಾದಷ್ಟು ಮೇವನ್ನೋ ಹಣವನ್ನೋ ಕೊಟ್ಟು ಒಪ್ಪಿಸುವಂತಾಗಲಿ. ದಂಡದ ಭಯವಿದ್ದಲ್ಲಿ ಮನುಷ್ಯ ಕತ್ತಲನ್ನು ಹುಡುಕುತ್ತಾನೆ. ಒಪ್ಪಿಸುವ ಜಾಗವಿದ್ದರೆ ಹಗಲಿನಲ್ಲಿ ಬರುತ್ತಾನೆ. ಹನ್ನೆರಡು ಅಂಕಿಯ ಹಳದಿ ಕಿವಿಯೋಲೆಯನ್ನು ಈಗ ದನಗಳಿಗೆ ಹಾಕಲಾಗುತ್ತಿದೆ. ಅದನ್ನು ಒಡೆಯನನ್ನು ಹಿಡಿಯುವುದಕ್ಕೆ ಮಾತ್ರ ಬಳಸಿದರೆ ಕಿವಿ ಕತ್ತರಿಸಿ ಬಿಡುವವರು ಹುಟ್ಟುತ್ತಾರೆ. ಅದರ ಆಧಾರದಲ್ಲಿ ಮುದಿ ದನವನ್ನು ಮನೆಯಲ್ಲೇ ಇಟ್ಟುಕೊಂಡವನಿಗೆ ತಿಂಗಳ ಮೇವಿನ ಸಹಾಯ ಸಿಗುವಂತಾದರೆ, ಕಿವಿಯೋಲೆ ಭದ್ರವಾಗಿ ಉಳಿಯುತ್ತದೆ. ಹೆಣ್ಣುಕರುಗಳೇ ಹೆಚ್ಚಾಗಿ ಹುಟ್ಟುವಂತೆ ಮಾಡುವ ಲಿಂಗ ವಿಂಗಡಿತ ವೀರ್ಯದ ತಂತ್ರಜ್ಞಾನ ಈಗ ಬಂದಿದೆ. ಬೀದಿಗೆ ಬೀಳಲೆಂದೇ ಹುಟ್ಟುವ ಗಂಡುಕರುಗಳನ್ನು ಅದು ಕಡಿಮೆ ಮಾಡಬಲ್ಲದು. ಬೆಳೆ ಕಳೆದುಕೊಂಡವನಿಗೆ ಕಾಡುಪ್ರಾಣಿಯ ಹಾನಿಗೆ ಕೊಡುವಂತೆ ಪರಿಹಾರ ಸಿಗಬೇಕು. ಇದಕ್ಕೆಲ್ಲ ಹಣ ಬೇಕು ನಿಜ. ಎತ್ತು ಬದುಕಬೇಕೆಂದು ಇಡೀ ರಾಜ್ಯ ತೀರ್ಮಾನಿಸಿದ ಮೇಲೆ, ಹಣವೂ ಇಡೀ ರಾಜ್ಯದ ಬೊಕ್ಕಸದಿಂದ ಬರಬೇಕು.

ಇನ್ನೊಂದನ್ನು ನಾವು ನಾವೇ ಮಾಡಬಹುದು. ಬರದ ವರ್ಷದಲ್ಲಿ ಮಸೀದಿಯ ಜಮಾಅತ್, ಮಠ, ಹಾಲಿನ ಸಂಘ, ಯುವಕ ಮಂಡಳಿಗಳು ಸೇರಿ ಒಂದು ಊರಿನ ಹತ್ತು ಮುದಿ ದನಗಳ ಮೇವಿನ ಹೊಣೆ ಹೊರುವುದು ಅಸಾಧ್ಯದ ಮಾತಲ್ಲ. ಹೊಣೆಯನ್ನು ಹಂಚಿಕೊಂಡ ಊರಿನಲ್ಲಿ ಅನುಮಾನವೂ ಅಷ್ಟೇ ಕಡಿಮೆಯಾಗುತ್ತದೆ. ಸಂತೆಯಲ್ಲಿ ಟವೆಲಿನ ಕೆಳಗೆ ಹಿಡಿದ ಎರಡು ಕೈಗಳ ನಡುವೆ ಇದ್ದ ನಂಬಿಕೆ ಹರಿದುಹೋಗಿದೆ. ಅದನ್ನು ಮೇವಿನ ಹೊರೆ ಹೊತ್ತಾದರೂ ಮತ್ತೆ ಹೊಸೆಯಲು ಸಾಧ್ಯವೇ ಎಂದು ನೋಡಬೇಕು.

ಅಬಲೂರು ಸರ್ವಜ್ಞನ ಊರೆಂದು ನಾಡು ನಂಬಿದೆ. ಊರಿಂದೂರಿಗೆ ತಿರುಗಿ, ಕಂಡವರ ಮನೆಯ ತುತ್ತು ಉಂಡು, ಯಾರ ಮುಲಾಜಿಗೂ ಒಳಗಾಗದೆ ಎಲ್ಲರ ತಪ್ಪನ್ನೂ ಹೇಳಿದ ಕವಿ ಅವನು. ಒಡೆಯನಿಲ್ಲದೆ ತಿರುಗುವ ಜೀವಕ್ಕೆ ಅನ್ನ ಇಡುವ ಮನೆ ಎಲ್ಲಿದೆಯೆಂದು ಅವನಿಗೆ ಗೊತ್ತಿದ್ದಿರಬೇಕು. ನಾವು ಕಲ್ಪಿಸಿಕೊಂಡ ಆ ರೈತ ಈಗಲೂ ಹೊಲದಲ್ಲಿ ನಿಂತಿದ್ದಾನೆ. ಬಿಸಿಲೇರುತ್ತಿದೆ. ಕೈಯಲ್ಲಿದ್ದ ಕೋಲನ್ನು ಬದುವಿನ ಮೇಲೆ ಇಟ್ಟು ಅವನು ಮೊದಲು ಎತ್ತುಗಳನ್ನು ಬೋರ್‌ವೆಲ್ಲಿನ ತೊಟ್ಟಿಯತ್ತ ಹೊಡೆದುಕೊಂಡು ಹೋಗುತ್ತಾನೆಂದು ನಾವು ನಂಬುತ್ತೇವೆ, ಯಾಕೆಂದರೆ ನಮ್ಮ ರೈತರಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ. ನೀರು ಕುಡಿಸಿದ ಮೇಲೆ ಅವನು ಊರ ಕಡೆ ತಿರುಗಿ, ‘ಇವುಗಳಿಗೆ ಮೇವು ಕೊಡುವವರು ಯಾರ್‍ರೀ?’ ಎಂದು ಕೇಳುತ್ತಾನೆ. ಆಗ ಊರು ಏನು ಹೇಳುತ್ತದೆ ಎಂಬುದರ ಮೇಲೆ ಅವನು ನಾಳೆ ಕೋಲನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾನೋ ಇಲ್ಲವೋ ಎಂಬುದು ನಿಂತಿದೆ.